ಬಾವಿಯ ಮೀನಿಗೆ ಕಪ್ಪೆ ಆರಿಸಿದ್ದು

ಮೀನನ್ನು ಬಾಯಿಗಿಟ್ಟವನಲ್ಲ, ಕೈಯಲ್ಲಿ ಮುಟ್ಟಿದವನೂ ಅಲ್ಲ. ಆದರೂ ನನ್ನ ಬೀರುವಿನಲ್ಲಿ ಅಂಗಿಗಳಿಗಿಂತ ಗಾಳದ ಸಾಮಾನೇ ಹೆಚ್ಚು ಎಂದು ಹೇಳಿದರೆ ಜನ ನನ್ನನ್ನು ಒಂದು ಥರ ನೋಡುತ್ತಾರೆ. ಮನುಷ್ಯನಿಗೆ ಉಪಯೋಗವಿಲ್ಲದ ವಸ್ತುವಿನ ಮೇಲೆ ಮೋಹ ಬಂದರೆ ಕಾರಣ ಕೇಳಬಾರದು ಅನ್ನುವುದು ನನ್ನ ವಾದ. ರೈಲ್ವೆಯಲ್ಲಿದ್ದ ನಮ್ಮ ತಂದೆ ಕೆಟ್ಟುಹೋದ ಗಡಿಯಾರಗಳ ಮುಳ್ಳುಗಳನ್ನು ಡಬ್ಬಿಯಲ್ಲಿ ಕೂಡಿಡುತ್ತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ. ನಾನು ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಒಂದು ಮಧ್ಯಾಹ್ನ ಫೋನಿನಲ್ಲಿ ಅಮೆರಿಕದವನೊಬ್ಬನ ವಿಡಿಯೋ ನೋಡಿದೆ. ಟೋಪಿ ಹಾಕಿಕೊಂಡು ದೋಣಿಯಲ್ಲಿ ಕೂತು ಬಾಸ್ ಎಂಬ ಮೀನನ್ನು ಹಿಡಿಯುತ್ತಿದ್ದ, ಅದರ ಜೊತೆ ಫೋಟೋ ತೆಗೆಸಿಕೊಂಡು ಮತ್ತೆ ನೀರಿಗೇ ಬಿಡುತ್ತಿದ್ದ. ಇದು ಸಸ್ಯಾಹಾರಿಗೂ ಒಪ್ಪುವ ಬೇಟೆ ಅನ್ನಿಸಿತು. ನನ್ನ ಹೆಂಡತಿ ವಾಸಂತಿಗೆ ಹಾಗೆ ಅನ್ನಿಸಲಿಲ್ಲ.

ಎಗ್ಮೋರ್ ಸ್ಟೇಷನ್ನಿನ ಹತ್ತಿರದ ಗಲ್ಲಿಯಲ್ಲಿ ಒಂದು ಅಂಗಡಿ ಹುಡುಕಿಕೊಂಡು ಹೋದೆ. ಯಾವ ಮೀನಿಗೆ ಎಂದು ಅಂಗಡಿಯವನು ಕೇಳಿದ. ಬಾಸ್ ಅಂದೆ. ಆ ಮೀನು ಈ ದೇಶದಲ್ಲೇ ಇಲ್ಲ, ಇಲ್ಲಿಯ ಕೆರೆಗಳಲ್ಲಿರುವುದು ವಿರಾಲ್ ಎಂದು ತಮಿಳಿನಲ್ಲಿ ತಿಳಿಹೇಳಿದ. ನಮ್ಮ ಕಡೆ ಕೊರವ ಅನ್ನುತ್ತಾರಲ್ಲ, ಅದೇ: ಹಾವಿನಂಥ ತಲೆ, ಕಪ್ಪು ಮೈ, ಆಗಾಗ ಮೇಲೆ ಬಂದು ಬಾಯಿಂದ ಗಾಳಿ ನುಂಗಿ ಹೋಗುತ್ತದೆ. ಬಾಸ್ ಮೋಸ ಹೋಗುವ ಲೂರಿಗೆ ಇದೂ ಮೋಸ ಹೋಗುತ್ತದಂತೆ. ಲೂರ್ ಎಂದರೆ ಎರೆಹುಳು ಚುಚ್ಚದೆ ಮೀನಿಗೆ ಟೋಪಿ ಹಾಕುವ ಸುಳ್ಳು ತಿಂಡಿ. ಅಂಗಡಿಯವನು ಒಂದೊಂದೇ ತೆಗೆದು ಹರವಿದ. ಗಿರಗಿರ ತಿರುಗುವ ಸ್ಪಿನ್ನರ್, ನೀರಿನ ಮೇಲೆ ಪಟ್ ಪಟ್ ಅನ್ನುವ ಪಾಪರ್, ಹೊಟ್ಟೆಯಲ್ಲಿ ಮಣಿ ತುಂಬಿದ ಬೆಳ್ಳಿಮೀನು, ಕಾಲು ಅಲ್ಲಾಡಿಸುವ ರಬ್ಬರ್ ಕಪ್ಪೆ. ಸೀರೆ ಅಂಗಡಿಯಲ್ಲಿ ವಾಸಂತಿ ಮಾಡುವುದನ್ನು ಇಷ್ಟು ವರ್ಷ ಆಡಿಕೊಂಡವನು ನಾನು. ಅಂದು ಇದೇ ಡಿಸೈನಿನಲ್ಲಿ ಬೇರೆ ಬಣ್ಣ ತೋರಿಸಿ ಎಂದು ಕೇಳಿಕೊಂಡು ಅರ್ಧ ದಿನ ಅಲ್ಲಿ ನಿಂತಿದ್ದೆ.

ಮನೆಗೆ ತಂದ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಎಲ್ಲ ಲೂರುಗಳಿಗೂ ಕಣ್ಣಿವೆ. ನಿಜವಾದ ಮೀನಿಗಿಂತ ದೊಡ್ಡ, ಹೊಳೆಯುವ ಕಣ್ಣು. ಡಬ್ಬಿಯ ಮುಚ್ಚಳ ತೆಗೆದರೆ ಅಷ್ಟೂ ಒಟ್ಟಿಗೆ ನಮ್ಮನ್ನೇ ನೋಡುತ್ತವೆ. ಮೀನು ಮೊದಲು ಕಣ್ಣಿಗೇ ಬಾಯಿ ಹಾಕುತ್ತದೆಂದು ವಿಡಿಯೋದ ಟೋಪಿಯವನು ವಿವರಿಸಿದ್ದ. ವಾಸಂತಿ ಆ ಡಬ್ಬಿಯನ್ನು ತನ್ನಮ್ಮನ ಕಣ್ಣಿಗೆ ಬೀಳದ ಹಾಗೆ ಇಡಿ ಅಂದಳು. ನನ್ನ ಅತ್ತೆ ನಮ್ಮ ಜೊತೆಗೇ ಇದ್ದಾರೆ. ಊರೆಲ್ಲ ಮುಳುಗಿದ ಆ ದೊಡ್ಡ ಮಳೆಯ ವರ್ಷ ಆಸ್ಪತ್ರೆಯಿಂದ ನೇರ ಇಲ್ಲಿಗೆ ಬಂದವರು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು. ಆಮೇಲೆ ಲಿಫ್ಟಿನವರೆಗೂ ಹೋದವರಲ್ಲ. ಕಾಯಿಲೆಯೂ ಇಲ್ಲ, ಉತ್ಸಾಹವೂ ಇಲ್ಲ. ಕರೆದರೆ ಓ ಅನ್ನುತ್ತಾರೆ.

ಅಣ್ಣಾ ನಗರ್‌ನ ನಮ್ಮ ಅಪಾರ್ಟ್‌ಮೆಂಟು ಹಳೆಯ ಬಂಗಲೆಯೊಂದನ್ನು ಕೆಡವಿ ಕಟ್ಟಿದ್ದು. ಬಂಗಲೆಗೆ ಬಾವಿ ಇತ್ತು. ಬಿಲ್ಡರು ಅದನ್ನು ಮುಚ್ಚುವ ಖರ್ಚು ಉಳಿಸಲು ಮೇಲೆ ಕಾಂಕ್ರೀಟು ಹಾಕಿ, ಅಗಲವಾದ ಕಬ್ಬಿಣದ ಮುಚ್ಚಳವೊಂದನ್ನು ಬಿಟ್ಟು, ಕಾರು ನಿಲ್ಲಿಸುವ ಗೆರೆ ಎಳೆದುಬಿಟ್ಟ. ಆ ಗೆರೆ ನನ್ನದು. ಒಂದು ಮಧ್ಯಾಹ್ನ ಕಾರು ನಿಲ್ಲಿಸಿ, ಇಂಜಿನ್ ಆರಿಸಿ, ಮೇಲೆ ಹೋಗಲು ಸೋಮಾರಿತನವಾಗಿ ಫೋನಿನಲ್ಲಿ ಹೊಸ ಲೂರುಗಳನ್ನು ನೋಡುತ್ತ ಕೂತಿದ್ದೆ. ಸೀಟಿನ ಕೆಳಗಿನಿಂದ ಗುಳಕ್ ಎಂದು ಸದ್ದು ಬಂತು. ಯಾರೋ ಬಾಯ್ತುಂಬ ಗಾಳಿ ನುಂಗಿದ ಹಾಗೆ. ರೇಡಿಯೇಟರ್ ಇರಬೇಕೆಂದು ಕಾರನ್ನು ಮೆಕ್ಯಾನಿಕ್ ಬಳಿ ಬಿಟ್ಟು ಬಂದೆ. ಮಾರನೆಯ ದಿನ ಖಾಲಿ ಜಾಗದಲ್ಲಿ ಸುಮ್ಮನೆ ನಿಂತು ಕಿವಿಗೊಟ್ಟೆ. ಕಾರಿಲ್ಲದೆಯೂ ಗುಳಕ್ ಅಂದಿತು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಬಸ್ಸುಗಳ ಹಾರನ್ನು; ನನ್ನ ಕೈಮೇಲಿನ ಕೂದಲು ಮಾತ್ರ ನೆಟ್ಟಗೆ ನಿಂತಿತ್ತು.

ಅಷ್ಟರಲ್ಲಿ ಬೇಸಿಗೆ ಬಿಗಿಯಾಯಿತು. ನಲ್ಲಿಯಲ್ಲಿ ನೀರು ಸಣ್ಣಗಾಯಿತು. ನಮ್ಮ ಅಸೋಸಿಯೇಷನ್ನಿನ ಸೆಕ್ರೆಟರಿ ಸಾರಂಗಪಾಣಿಯವರು ಸಭೆ ಕರೆದು ಹಳೆಯ ಬಾವಿಯ ನೀರನ್ನೇ ಉಪಯೋಗಿಸೋಣ ಅಂದರು. ಪ್ಲಂಬರ್ ಬಂದು ಮುಚ್ಚಳ ಎತ್ತಿ ಬಗ್ಗಿ ನೋಡಿದ, ಹಾಗೇ ಮುಚ್ಚಿದ. ಒಳಗೆ ದೊಡ್ಡದೇನೋ ಇದೆ, ನೀವು ಬೇರೆಯವರನ್ನು ಕರೆಸಿಕೊಳ್ಳಿ ಎಂದು ಹೇಳಿ ಚೀಲ ಎತ್ತಿಕೊಂಡು ಹೊರಟ. ಸಾರಂಗಪಾಣಿ ಜಗ್ಗುವವರಲ್ಲ. ಭಾನುವಾರ ಬೆಳಿಗ್ಗೆ ಮೂಟೆಗಟ್ಟಲೆ ಬ್ಲೀಚಿಂಗ್ ಪೌಡರ್ ಸುರಿದರೆ ಒಳಗಿರುವುದು ಯಾವುದಾದರೂ ತಾನಾಗಿ ತೇಲುತ್ತದೆ ಎಂದು ತೀರ್ಮಾನ ಕೊಟ್ಟರು. ನಾನೂ ಕೈ ಎತ್ತಿ ಬಂದೆ.

ಅಂದು ಊಟಕ್ಕೆ ಕೂತಾಗ ಈ ತೀರ್ಮಾನ ಹೇಳಿದೆ. ವಾಸಂತಿಯ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು. ಅತ್ತೆಯ ರೂಮಿನ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿ ಹೇಳಿದಳು.

“ಆ ಮಳೆ ವರ್ಷ ಅಮ್ಮ ಆಸ್ಪತ್ರೇಲಿದ್ದಳಲ್ಲ. ಫೋನಿಲ್ಲ, ಕರೆಂಟಿಲ್ಲ, ಹೋಗಿ ನೋಡಕ್ಕೆ ದಾರಿಯಿಲ್ಲ. ಕೆಳಗೆ ನೀರು ಇಳಿದಾಗ ಚರಂಡಿ ಹತ್ರ ಪಾವಂ ಒಂದು ಮೀನು ಒದ್ದಾಡ್ತಿತ್ತು. ಇದು ಬದುಕಿದ್ರೆ ಅಮ್ಮನೂ ಬದುಕ್ತಾಳೆ ಅಂತ ಹರಕೆ ಹೊತ್ತು ಬಕೆಟಲ್ಲಿ ಎತ್ತಿ ಬಾವಿಗೆ ಬಿಟ್ಟೆ. ಅದು ಇರೋವರೆಗೂ ಅಮ್ಮ ಇರ್ತಾಳೆ.”

ನಾನು ನಕ್ಕೆ. ಅವಳು ನಗಲಿಲ್ಲ. ನನ್ನನ್ನು ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ಇಂಥದ್ದೊಂದನ್ನು ಒಬ್ಬಳೇ ಹೊತ್ತುಕೊಂಡಿದ್ದಳಲ್ಲ ಎಂದು ನನಗೆ ಸಂಕಟವೂ ಆಯಿತು, ಸ್ವಲ್ಪ ಹೆದರಿಕೆಯೂ ಆಯಿತು. ಸಭೆಯಲ್ಲಿ ಹೋಗಿ ಹೇಳೋಣವೆಂದರೆ ಏನೆಂದು ಹೇಳುವುದು? ನಮ್ಮ ಅತ್ತೆಯ ಪ್ರಾಣ ಪಾರ್ಕಿಂಗಿನ ಕೆಳಗಿದೆ ಎನ್ನುವುದೇ? ಭಾನುವಾರದೊಳಗೆ ಅದನ್ನು ಜೀವಂತ ಆಚೆ ತೆಗೀರಿ, ಇಷ್ಟು ಸಾಮಾನು ತಂದಿಟ್ಟುಕೊಂಡಿದ್ದೀರಲ್ಲ ಎಂದಳು ವಾಸಂತಿ. ನನ್ನ ಗಾಳಗಳ ಬಗ್ಗೆ ಅವಳು ಗೌರವದಿಂದ ಮಾತಾಡಿದ್ದು ಅದೇ ಮೊದಲು.

ಲೂರುಗಳನ್ನೆಲ್ಲ ಮಂಚದ ಮೇಲೆ ಸುರಿದುಕೊಂಡು ಕೂತೆ. ತಿಳಿನೀರಿಗೆ ಮಾಸಲು ಬಣ್ಣ, ಕೆಸರು ನೀರಿಗೆ ಗಾಢ ಹಳದಿ, ಮೋಡವಿದ್ದರೆ ಕಪ್ಪು ಎಂದು ಟೋಪಿಯವನ ಉಪದೇಶ. ಕಾಂಕ್ರೀಟು ಮುಚ್ಚಿದ ಬಾವಿಯ ಬಗ್ಗೆ ಅವನು ಏನೂ ಹೇಳಿರಲಿಲ್ಲ. ಹಳದಿಯೋ ಹಸಿರೋ ಎಂದು ನಾನು ತಲೆಕೆಡಿಸಿಕೊಂಡಿರುವಾಗ ವಾಸಂತಿ ಬಟ್ಟೆ ಮಡಚುತ್ತ, ಒಳಗೆ ಕತ್ತಲೆಯಲ್ಲವೇನ್ರೀ ಎಂದು ಕೇಳಿದಳು. ಅರ್ಧ ದಿನ ನಿಂತು ಆರಿಸಿದ ಬಣ್ಣಗಳೆಲ್ಲ ಒಂದು ಮಾತಿನಲ್ಲಿ ವ್ಯರ್ಥವಾದವು. ಕಣ್ಣು ಕಾಣದ ಕಡೆ ಕಿವಿಯನ್ನೇ ನಂಬಬೇಕೆಂದು ಸದ್ದು ಮಾಡುವವನ್ನು ಮಾತ್ರ ಬೇರೆ ಮಾಡಿ, ಮಧ್ಯಾಹ್ನ ಎಲ್ಲರೂ ಮಲಗಿದ ಹೊತ್ತಿಗೆ ಗಾಳದ ರಾಡು ಹಿಡಿದು ಕೆಳಗಿಳಿದೆ. ನಿಜ ಹೇಳಬೇಕೆಂದರೆ ಅದಕ್ಕೆ ಮುಂಚೆ ಆ ರಾಡಿನಿಂದ ನಾನು ಹಿಡಿದದ್ದು ಅಂಬತ್ತೂರು ಕಡೆಯ ಕೆರೆಯಲ್ಲಿ ಒಂದು ಜಾಲಿಮರವನ್ನು.

ಕಾರನ್ನು ಸರಿಸಿ ಮುಚ್ಚಳ ಎತ್ತಿದೆ. ಹೊರಗೆ ಅಷ್ಟು ಸೆಕೆ, ಒಳಗಿನಿಂದ ತಣ್ಣನೆ ಗಾಳಿ ಬಂದು ಮುಖ ಮುಟ್ಟಿತು. ಬೆಳ್ಳಿಮೀನನ್ನು ಇಳಿಬಿಟ್ಟು ಅಲ್ಲಾಡಿಸಿದೆ. ಏನೋ ಒಂದು ಮೆಲ್ಲಗೆ ತಾಕಿ ಬಿಟ್ಟಿತು. ಮೇಲೆಳೆದು ನೋಡಿದರೆ ಲೂರಿಗೆ ಒಂದು ಕಣ್ಣಿಲ್ಲ. ಪಾಪರ್ ಇಳಿಬಿಟ್ಟೆ, ಎರಡೂ ಕಣ್ಣಿಲ್ಲದೆ ಬಂತು. ಸ್ಪಿನ್ನರಿನದೂ ಹೋಯಿತು. ಒಂದರ ಮೈಮೇಲೂ ಹಲ್ಲಿನ ಗೀರಿರಲಿಲ್ಲ. ಅಂಟು ಸರಿಯಿಲ್ಲ, ಅಗ್ಗದ ಮಾಲು ಎಂದು ಗಟ್ಟಿಯಾಗಿಯೇ ಹೇಳಿಕೊಂಡೆ. ಆ ಹೊತ್ತಿಗೆ ಏನು ನಡೀತಿದೆ ಎಂದು ಸಾರಂಗಪಾಣಿಯವರು ಬಂದು ಟಾರ್ಚು ಬಿಟ್ಟು ಬಗ್ಗಿದರು. ಕೆಳಗೆ ಕಪ್ಪು ನೀರಿನಲ್ಲಿ ಹೊಳೆಯುವ ಕಣ್ಣುಗಳು ಮೇಲೆ ನೋಡುತ್ತಿದ್ದವು. ಸಾರಂಗಪಾಣಿಯವರಿಗೆ ಯಾರಿಗೋ ಫೋನ್ ಮಾಡುವುದು ನೆನಪಾಯಿತು. ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಹೋದರು. ತೇಲುತ್ತಿರುವುದು ನನ್ನ ಲೂರುಗಳ ಕಣ್ಣಿನ ಸ್ಟಿಕ್ಕರುಗಳೇ ಎಂದು ನನಗೆ ಗೊತ್ತಿತ್ತು. ಆದರೆ ಎಲ್ಲವೂ ಅಲ್ಲಾಡುತ್ತಿದ್ದಾಗ ಒಂದು ಜೊತೆ ಮಾತ್ರ ಅಲ್ಲಾಡದೆ ನಿಂತಿತ್ತು. ನಾನೂ ಮುಚ್ಚಳ ಮುಚ್ಚಿ ಮೆಟ್ಟಿಲನ್ನೇ ಹಿಡಿದೆ.

ಮಾರನೆಯ ಮಧ್ಯಾಹ್ನ ರಬ್ಬರ್ ಕಪ್ಪೆಯ ಸರದಿ. ಅದನ್ನು ನೀರಿನ ಮೇಲೆ ಪಚಕ್ ಪಚಕ್ ಎಂದು ಕುಣಿಸುತ್ತಿದ್ದಂತೆ ನೀರು ಒಡೆದು, ರಾಡು ಬಿಲ್ಲಿನಂತೆ ಬಾಗಿತು. ಗಾಳ ಕಚ್ಚಿದ್ದು ಕೈಗೇ ತಿಳಿಯಿತು. ಒಂದು ಕ್ಷಣ ಎಳೆದಾಡಿ, ಬಿಡಿಸಿಕೊಂಡು ಹೋಯಿತು. ಮೀನು ಸಿಕ್ಕಿತ್ತು ಅನ್ನುವ ಸಂಭ್ರಮವನ್ನು ಹೇಳಲು ಮೇಲೆ ಓಡಿದೆ. ಅತ್ತೆ ಕುರ್ಚಿಯಲ್ಲಿ ಕೂತು ಸೆರಗಿನ ತುದಿಯನ್ನು ತುಟಿಯ ಅಂಚಿಗೆ ಒತ್ತಿಕೊಂಡಿದ್ದರು. ಸೆರಗಿಗೆ ಒಂದು ತೊಟ್ಟು ರಕ್ತ ಹತ್ತಿತ್ತು. “ಏನಿಲ್ಲ ಅಳಿಯಂದ್ರೇ, ಹಲ್ಲುಸೆಟ್ಟು ಚುಚ್ಚಿತು” ಅಂದರು. ವಾಸಂತಿ ನನ್ನ ಕೈಯಲ್ಲಿದ್ದ ಕಪ್ಪೆಯನ್ನು ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಬಚ್ಚಲುಮನೆಯಲ್ಲಿ ಲೋಟದೊಳಗಿದ್ದ ಆ ಹಲ್ಲುಸೆಟ್ಟನ್ನು ತೆಗೆದು ಬೆರಳಿನಿಂದ ಪೂರ್ತಿ ಸವರಿ ನೋಡಿದೆ. ಅತ್ತೆಯ ಹಲ್ಲನ್ನು ಹಾಗೆ ತಪಾಸಣೆ ಮಾಡಿದ ಅಳಿಯ ಬೇರೆ ಯಾರೂ ಇರಲಾರರು. ಎಲ್ಲೂ ಚೂಪಿರಲಿಲ್ಲ.

ಅಂದೇ ಇಕ್ಕಳ ತಗೊಂಡು ಕಪ್ಪೆಯ ಕೊಕ್ಕೆಗಳನ್ನು ಕತ್ತರಿಸಿ ತೆಗೆದೆ. ಕೊಕ್ಕೆಯಿಲ್ಲದ ಗಾಳದಿಂದ ಮೀನು ಹಿಡಿಯುವುದು ಹೇಗೆ ಎಂದರೆ ಅದಕ್ಕೆ ವಾಸಂತಿಯ ಹತ್ತಿರ ಉಪಾಯವಿತ್ತು. ಶನಿವಾರ ಮಧ್ಯಾಹ್ನ ಅವಳು ಸೆರಗು ಸಿಕ್ಕಿಸಿಕೊಂಡು, ದೊಡ್ಡ ಬಕೆಟಿಗೆ ಹಗ್ಗ ಕಟ್ಟಿ ಬಾವಿಯಲ್ಲಿ ಮುಳುಗಿಸಿದಳು. ಅದರ ನೇರ ಮೇಲೆ ನಾನು ಕಪ್ಪೆ ಕುಣಿಸಬೇಕು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ನೀರು ಮೆಲ್ಲಗೆ ಉಬ್ಬಿತು. ಕಪ್ಪೆ ಮಾಯವಾದದ್ದೇ ತಡ, ಅವಳು ಒಂದೇ ಸೆಳೆತಕ್ಕೆ ಹಗ್ಗ ಎಳೆದಳು. ಚಿಕ್ಕಂದಿನಲ್ಲಿ ಬಾವಿ ಸೇದಿದ ಕೈ ಅದು. ಬಕೆಟಿನಲ್ಲಿ ತೋಳುದ್ದದ ಕಪ್ಪು ಮೀನು ಮೈ ಮಡಚಿಕೊಂಡು, ಕಪ್ಪೆಯನ್ನು ಕಚ್ಚಿಕೊಂಡೇ ಇತ್ತು. ಬಾಯಿಯ ಅಂಚಿನಲ್ಲಿ ನಾನು ಮಾಡಿದ ಗಾಯ. ಎಡಗಣ್ಣಿಗೆ ಪೊರೆ ಬಂದಿತ್ತು. ಅತ್ತೆಗೂ ಎಡಗಣ್ಣೇ. ಈ ವಯಸ್ಸಿಗೆ ಯಾರಿಗಾದರೂ ಬರುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಯಾರ ವಯಸ್ಸು ಎಂದು ಯೋಚಿಸಲು ಹೋಗಲಿಲ್ಲ.

ಮೀನನ್ನು ಕೆರೆಗೆ ಬಿಟ್ಟುಬರಲು ಹೊರಟೆವು. ಅಷ್ಟರಲ್ಲಿ ಲಿಫ್ಟು ಕೆಳಗಿಳಿದು ಬಾಗಿಲು ತೆರೆದುಕೊಂಡಿತು, ಒಳಗೆ ಚಪ್ಪಲಿ ಮೆಟ್ಟಿಕೊಂಡು ಅತ್ತೆ ನಿಂತಿದ್ದಾರೆ. ತಾನೂ ಬರುತ್ತೇನೆ ಅಂದರು. ಎಲ್ಲಿಗೆ ಎಂದು ಕೇಳಲಿಲ್ಲ. ಹಿಂದಿನ ಸೀಟಿನಲ್ಲಿ ಕೂತರು, ಕಾಲ ಬಳಿ ತಟ್ಟೆ ಮುಚ್ಚಿದ ಬಕೆಟು. ಒಳಗೆ ಗುಳಕ್ ಅಂದಾಗಲೆಲ್ಲ ಅತ್ತೆ ಬಾಯಿ ತೆರೆದು ಉಸಿರೆಳೆದುಕೊಳ್ಳುತ್ತಿದ್ದರು. ನಾನು ರಸ್ತೆಗಿಂತ ಕನ್ನಡಿಯನ್ನೇ ಹೆಚ್ಚು ನೋಡುತ್ತ ಅಂಬತ್ತೂರು ದಾಟಿದೆ. ಕೆರೆಯ ಏರಿಯ ಮೇಲಿಂದ ವಾಸಂತಿ ಬಕೆಟನ್ನು ನೀರಿಗೆ ಬಗ್ಗಿಸಿದಳು. ಮೀನು ಕೊಂಚ ಹೊತ್ತು ಅಲ್ಲೇ ನಿಂತು, ಆಮೇಲೆ ಆಳಕ್ಕೆ ಹೋಯಿತು. ಅತ್ತೆ ಕಾರಿನ ಬಾಗಿಲು ಹಿಡಿದು ನಿಂತು ನೀರನ್ನೇ ನೋಡುತ್ತಿದ್ದರು. “ಅಬ್ಬ, ಈಗ ಉಸಿರಾಡೋ ಹಾಗಾಯ್ತು” ಅಂದರು.

ಅವತ್ತಿನಿಂದ ಅತ್ತೆಯನ್ನು ಮನೆಯಲ್ಲಿ ಹಿಡಿದಿಡಲು ಆಗುತ್ತಿಲ್ಲ. ಸಮುದ್ರ ನೋಡಬೇಕು, ಎಗ್ಮೋರಿನ ಮ್ಯೂಸಿಯಂ ನೋಡಬೇಕು, ಮೆಟ್ರೋದಲ್ಲಿ ಈ ತುದಿಯಿಂದ ಆ ತುದಿಗೆ ಹೋಗಿಬರಬೇಕು. ಕಾಸಿಮೇಡಿನ ಮೀನುಗಾರರ ಬಂದರಿನಲ್ಲಿ ದೋಣಿಗಳು ಚೆನ್ನಾಗಿರುತ್ತವಂತೆ ಎಂದು ಒಂದು ಬೆಳಿಗ್ಗೆ ಹೊರಟು ನಿಂತರು. ಅದೊಂದು ಜಾಗಕ್ಕೆ ಮಾತ್ರ ಬೇಡ ಎಂದು ಕಾರಿನ ಬೀಗದಕೈ ಬಚ್ಚಿಟ್ಟೆ. ನಾನಂತೂ ಗಾಳ ಹಾಕುವುದನ್ನೇ ಬಿಟ್ಟಿದ್ದೇನೆ. ನೀರಿನಲ್ಲಿರುವುದು ಯಾರ ಅತ್ತೆಯೋ ಯಾರ ಅಜ್ಜಿಯೋ ಹೇಗೆ ಹೇಳುವುದು? ಆದರೂ ಆಗಾಗ ಆ ಕೆರೆಗೆ ಹೋಗುತ್ತೇನೆ. ಏರಿಯ ಮೇಲೆ ಯಾರಾದರೂ ರಾಡು ಹಿಡಿದು, ಇಲ್ಲಿಗೆ ಯಾವ ಲೂರ್ ಒಳ್ಳೆಯದು ಸಾರ್ ಎಂದು ಕೇಳಿದರೆ, ಅನುಭವಿಯಂತೆ ಗಂಭೀರವಾಗಿ ಯೋಚಿಸಿ, ಎಲ್ಲಕ್ಕಿಂತ ಕೆಟ್ಟದ್ದನ್ನು ಆರಿಸಿಕೊಡುತ್ತೇನೆ.

ಬಾವಿಗೆ ಬ್ಲೀಚಿಂಗ್ ಹಾಕಿದ್ದೂ ಆಯಿತು, ಅದರ ವಾಸನೆ ಹೋದದ್ದೂ ಆಯಿತು. ನಡುವೆ ನನಗೊಂದು ಸಲ ತಲೆ ಸುತ್ತಿತು. ಡಾಕ್ಟರು ರಕ್ತದೊತ್ತಡ ನೋಡಿ ಹುಬ್ಬೇರಿಸಿ ಮಾತ್ರೆ ಬರೆದುಕೊಟ್ಟರು. ಕೆಲವು ವಾರ ಕಳೆದು ಒಂದು ಮಧ್ಯಾಹ್ನ ಕಾರು ನಿಲ್ಲಿಸಿ ಇಂಜಿನ್ ಆರಿಸಿದೆ. ಸೀಟಿನ ಕೆಳಗೆ ಗುಳಕ್ ಅಂದಿತು. ಹಿಂದಿನಷ್ಟು ದೊಡ್ಡದಲ್ಲ, ಸಣ್ಣ ಬಾಯಿಯದು. ಮೇಲೆ ಹೋದೆ. ವಾಸಂತಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ಬಾವಿಗೆ ಏನಾದರೂ ಬಿಟ್ಟೆಯಾ ಎಂದು ಕೇಳಿದೆ. ಅವಳು ತಲೆಯೆತ್ತಲಿಲ್ಲ.

“ನಿಮ್ಮ ಬಿಪಿ ಜಾಸ್ತಿ ಅಂದ್ರಲ್ಲ ಡಾಕ್ಟ್ರು” ಅಂದಳು.

ಎಷ್ಟು ದೊಡ್ಡದಿದೆ ಎಂದು ಕೇಳಿದ್ದಕ್ಕೆ, ಬೆರಳುದ್ದ ಇದೆ, ಬೆಳೆಯುತ್ತೆ ಬಿಡಿ ಅಂದಳು.

ಈ ಸಲ ಸೆಕ್ರೆಟರಿ ಸ್ಥಾನಕ್ಕೆ ನಾನೇ ನಿಂತು ಗೆದ್ದಿದ್ದೇನೆ. ಬಾವಿಯ ಮಾತು ಸಭೆಯಲ್ಲಿ ಬಂದರೆ ಬೇರೆ ವಿಷಯಕ್ಕೆ ತಿರುಗಿಸುತ್ತೇನೆ. ದಿನವೂ ಕಾರು ನಿಲ್ಲಿಸಿದ ಮೇಲೆ ಇಂಜಿನ್ ಆರಿಸಿ, ಉಸಿರು ಬಿಗಿಹಿಡಿದು ಕೂರುತ್ತೇನೆ. ಕೆಳಗಿನಿಂದ ಆ ಸದ್ದು ಕೇಳಿಸಿದ ಮೇಲೆ ನಾನೂ ಒಂದು ಗುಟುಕು ಗಾಳಿ ನುಂಗಿ ಮನೆಗೆ ಹೋಗುತ್ತೇನೆ.