ಮ್ಯಾಕ್‌ನೀಲ್ ಗೋತ್ರೋದ್ಭವಸ್ಯ

ಗೋತ್ರ, ಸೂತ್ರ, ಪ್ರವರಗಳ ವಿಷಯದಲ್ಲಿ ನನಗಿರುವ ಪಾಂಡಿತ್ಯದ ಬಗ್ಗೆ ಟೆಕ್ಸಸ್‌ನ ನಮ್ಮೂರು ಮೆಕಿನ್ನಿಯ ಕನ್ನಡಿಗರಲ್ಲಿ ಎರಡು ಮಾತಿಲ್ಲ. ಒಂದೇ ಮಾತಿದೆ. ಅದನ್ನು ನನ್ನ ಹೆಂಡತಿ ಸುಮಾ ಆಡುತ್ತಾಳೆ. ಇಲ್ಲಿ ಬರೆಯುವ ಹಾಗಿಲ್ಲ. ಮೈಸೂರಿನಲ್ಲಿ ನಮ್ಮ ಮನೆತನಕ್ಕೆ ಯಾವ ಜಾತಕ ಬಂದರೂ ಮೊದಲು ನಮ್ಮ ತಾತನ ಕೈಗೆ ಹೋಗುತ್ತಿತ್ತು. ಆ ತಾತನ ಮೊಮ್ಮಗ ನಾನು. ಪ್ಲೇನೋದ ಆಫೀಸಿನಲ್ಲಿ ಡೇಟಾಬೇಸ್ ಕಾಯುತ್ತಿರುವುದು ನನ್ನ ಹಣೆಬರಹವೇ ಹೊರತು ನನ್ನ ಯೋಗ್ಯತೆಯಲ್ಲ.

ನಮ್ಮ ಪಕ್ಕದ ಮನೆಯವನು ಡಂಕನ್ ಮ್ಯಾಕ್‌ನೀಲ್. ಹುಟ್ಟಿದ್ದು, ಬೆಳೆದದ್ದು, ರಿಟೈರ್ ಆದದ್ದು ಎಲ್ಲವೂ ಡಲ್ಲಾಸ್ ಸೀಮೆಯಲ್ಲೇ. ಆದರೆ ಅವನನ್ನು ಬರೀ ಅಮೆರಿಕನ್ ಅಂದುಬಿಟ್ಟರೆ ಮುಖ ಸಣ್ಣದು ಮಾಡಿಕೊಳ್ಳುತ್ತಾನೆ. ಅವನು ಸ್ಕಾಟ್! ಗ್ಯಾರೇಜಿನ ಮೇಲೆ ವಂಶದ ಲಾಂಛನ, ಕಾಫಿ ಮಗ್ಗಿನ ಮೇಲೆ ವಂಶದ ಚೌಕಳಿ, ನಾಯಿಯ ಕೊರಳಪಟ್ಟಿಗೂ ಅದೇ ಚೌಕಳಿ. ವಿಶೇಷ ದಿನಗಳಲ್ಲಿ ಸೊಂಟಕ್ಕೆ ಕಿಲ್ಟ್, ತಲೆಗೆ ಕೌಬಾಯ್ ಹ್ಯಾಟು. ಕಿಲ್ಟ್ ಅಂದರೆ ಗಂಡಸರು ಮಂಡಿಯವರೆಗೆ ಉಡುವ ಉಣ್ಣೆಯ ಲಂಗ. ಟೆಕ್ಸಸ್‌ನ ಆಗಸ್ಟ್ ಬಿಸಿಲಿನಲ್ಲಿ ಉಣ್ಣೆ ಉಡುವವನ ಜೊತೆ ವಾದ ಮಾಡಬಾರದು ಎಂದು ನಾನು ಎಂದೋ ತೀರ್ಮಾನಿಸಿದ್ದೆ.

ಅವನ ತಾಯಿ ಮೋರಾಗ್ ಅಜ್ಜಿ ಮಾತ್ರ ಅಪ್ಪಟ ಸ್ಕಾಟ್‌ಲೆಂಡಿನವರು. ಮದುವೆಯಾದ ಮೇಲೆ ಗಂಡನ ಜೊತೆ ಇಲ್ಲಿಗೆ ಬಂದವರು. ಎಂಬತ್ತು ದಾಟಿದ್ದರೂ ಗಟ್ಟಿ ಜೀವ. ಅವರ ಭಾಷೆಯಲ್ಲಿ 'ವೀ' ಅಂದರೆ ಪುಟ್ಟದು, ಮತ್ತು ಅವರಿಗೆ ಈ ಜಗತ್ತಿನಲ್ಲಿರುವುದೆಲ್ಲ ವೀ. ಆರಡಿ ಎತ್ತರದ ಮಗ ವೀ ಡಂಕನ್. ಲೋಟದ ತುಂಬ ಬಗ್ಗಿಸಿಕೊಂಡ ವಿಸ್ಕಿ 'ವೀ ಡ್ರಾಮ್'. ನಾನು ಬಾಯಿ ತೆರೆದ ಕೂಡಲೇ 'ವೀಷ್ಟ್' ಅನ್ನುತ್ತಿದ್ದರು. ಅಂದರೆ ಸುಮ್ಮನಿರು ಅಂತ. ಸುಮಾ ಸಂಜೆ ಹೊತ್ತು ಅಜ್ಜಿಯ ಕೈ ಹಿಡಿದುಕೊಂಡು ವಾಕ್ ಹೋಗುತ್ತಾಳೆ. ಅವರಿಂದ ಅವಳು ಮೊದಲು ಕಲಿತ ಪದವೂ ಇದೇ.

ಡಂಕನ್‌ನ ಒಬ್ಬಳೇ ಮಗಳು ಐಲಾ. ಸುಮಾಳ ಚಕ್ಕುಲಿ ತಿಂದು ಬೆಳೆದ ಹುಡುಗಿ, ಈಗ ಆಸ್ಟಿನ್‌ನಲ್ಲಿ ಕೆಲಸ. ಅವಳಿಗೆ ಹ್ಯೂಸ್ಟನ್‌ನ ಟ್ರೆವರ್ ಎಂಬ ಹುಡುಗನ ಜೊತೆ ಮದುವೆ ಗೊತ್ತಾಯಿತು. ನಿಶ್ಚಿತಾರ್ಥದ ಊಟ ಡಂಕನ್‌ನ ಹಿತ್ತಲಿನಲ್ಲಿ. ಅಜ್ಜಿ ತಮ್ಮ ದಿವಂಗತ ಗಂಡ ಜೋಪಾನ ಮಾಡಿಟ್ಟಿದ್ದ ಹಳೆಯ ವಿಸ್ಕಿಯ ಬಾಟಲಿಯನ್ನು ತಾವೇ ತಂದು, ಭಾವೀ ಮೊಮ್ಮಗನಿಗೆ ತಮ್ಮ ಕೈಯಾರೆ ಬಗ್ಗಿಸಿಕೊಟ್ಟರು. ಅವನು ಥ್ಯಾಂಕ್ಸ್ ಹೇಳಿ, ಪಕ್ಕದಲ್ಲಿದ್ದ ಕೋಲಾ ಕ್ಯಾನ್ ತೆರೆದು, ಅದರ ಮೇಲೆ ಬುಸಬುಸನೆ ಸುರಿದುಕೊಂಡ.

ಹಿತ್ತಲು ಸ್ತಬ್ಧವಾಯಿತು. ಅಜ್ಜಿಯ ಮುಖ ನೋಡಲಾಗಲಿಲ್ಲ. ಇಂಥ ಸಂದರ್ಭಗಳಲ್ಲಿ ಮೌನ ಮುರಿಯುವುದು ಒಂದು ಸಮಾಜಸೇವೆ ಎಂದು ನಾನು ನಂಬಿದ್ದೇನೆ. ಹುಡುಗನ ಮನೆತನದ ಹೆಸರೇನು ಎಂದು ಕೇಳಿದೆ. ಅವನೂ ಮ್ಯಾಕ್‌ನೀಲ್, ಇಬ್ಬರೂ ಒಂದೇ ಕ್ಲ್ಯಾನ್ ಎಂದು ಡಂಕನ್ ಎದೆಯುಬ್ಬಿಸಿ ಹೇಳಿದ.

ಇಲ್ಲಿಗೆ ನಾನು ನಿಲ್ಲಬಹುದಿತ್ತು. ಊಟಕ್ಕೆ ಏನಿದೆ ಎಂದು ಕೇಳಬಹುದಿತ್ತು. ಕೇಳಲಿಲ್ಲ! ಕ್ಲ್ಯಾನ್ ಎಂದರೆ ನಮ್ಮಲ್ಲಿ ಗೋತ್ರ ಎಂದು ಶುರು ಮಾಡಿದೆ. ಋಷಿಗಳನ್ನು ಕರೆತಂದೆ. ವಿಶ್ವಾಮಿತ್ರರಿಂದ ಹಿಡಿದು ನನ್ನವರೆಗೆ ಬಂದೆ. ಒಂದೇ ಗೋತ್ರದ ಗಂಡು ಹೆಣ್ಣು ಅಣ್ಣ ತಂಗಿಯರಿಗೆ ಸಮ, ನಮ್ಮ ಕಡೆಯಾಗಿದ್ದರೆ ಇಷ್ಟು ಹೊತ್ತಿಗೆ ಅಡುಗೆಯವರನ್ನು ವಾಪಸ್ ಕಳಿಸುತ್ತಿದ್ದರು ಎಂದು ಹೇಳಿ ಜೋರಾಗಿ ನಕ್ಕೆ. ನಕ್ಕಿದ್ದು ನಾನೊಬ್ಬನೇ. ಸುಮಾ ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತಿದ್ದಳು. ಜಾಗ ಸಾಲದೇ ಇರಬೇಕು ಎಂದುಕೊಂಡು ಕಾಲು ಸರಿಸಿದೆ. ಅಜ್ಜಿ ಲೋಟ ಕೆಳಗಿಟ್ಟು, ಇನ್ನೊಂದು ಸಲ ನಿಧಾನವಾಗಿ ಹೇಳು ಎಂದರು. ಅವರು ನನ್ನ ಮಾತನ್ನು ಎರಡನೇ ಸಲ ಕೇಳಬಯಸಿದ್ದು ಅದೇ ಮೊದಲು. ನಾನು ಉಬ್ಬಿಹೋಗಿ ಪೇಪರ್ ನ್ಯಾಪ್‌ಕಿನ್ನಿನ ಮೇಲೆ ಚಿತ್ರ ಬರೆದು ವಿವರಿಸಿದೆ.

ಮರುದಿನ ಬೆಳಗ್ಗೆ ಡಂಕನ್ ಬಂದು ಬಾಗಿಲು ಬಡಿದ. ಮ್ಯಾಕ್‌ನೀಲ್ ಮನೆತನದಲ್ಲಿ ಒಂದು ಬೆಳ್ಳಿಯ ಬಟ್ಟಲಿದೆ, ಎರಡು ಕಡೆ ಹಿಡಿಯಿರುವಂಥದ್ದು. ಕ್ವೇಕ್ ಎನ್ನುತ್ತಾರೆ. ಮದುವೆಯ ದಿನ ಎರಡೂ ಕಡೆಯವರು ಅದೇ ಬಟ್ಟಲಿನಿಂದ ವಿಸ್ಕಿ ಕುಡಿದರೆ ಸಂಬಂಧ ಗಟ್ಟಿಯಾದ ಹಾಗೆ. ನಮ್ಮಲ್ಲಿ ಧಾರೆ ಎರೆದ ಹಾಗೆ ಅಂದುಕೊಳ್ಳಿ. ಆ ಬಟ್ಟಲನ್ನು ಅಜ್ಜಿ ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರಂತೆ. ಅಣ್ಣ ತಂಗಿಯ ಮದುವೆಗೆ ತಾವು ಬರುವುದಿಲ್ಲ, ಪಕ್ಕದ ಮನೆಯ ಪಂಡಿತರು ಹೇಳಿದ ಮೇಲೆ ಮುಗಿಯಿತು ಎನ್ನುತ್ತಿದ್ದಾರಂತೆ. ನೀನೇ ಹಾಕಿದ ಗಂಟು, ನೀನೇ ಬಿಚ್ಚು ಎಂಬರ್ಥದ ಮಾತನ್ನು ಡಂಕನ್ ಟೆಕ್ಸಸ್ ಇಂಗ್ಲಿಷಿನಲ್ಲಿ ಹೇಳಿದ. ಅದರ ಪೂರ್ಣಪಾಠವನ್ನು ಸಭ್ಯ ಓದುಗರ ಮುಂದೆ ಇಡಲಾರೆ.

ನಾನು ಹೋಗಿ ಅಜ್ಜಿಯ ಎದುರು ಕೂತು, ಗೋತ್ರವೇ ಬೇರೆ ಕ್ಲ್ಯಾನೇ ಬೇರೆ, ಏನೋ ಮಾತಿಗೆ ಅಂದೆ ಎಂದೆ. ಸಾವಿರಾರು ವರ್ಷದ ನಿಮ್ಮ ಶಾಸ್ತ್ರವನ್ನು ಒಬ್ಬ ಮುದುಕಿಗೋಸ್ಕರ ತಿರುಚಬೇಡ ಎಂದು ಅವರು ನನ್ನ ಕೈ ತಟ್ಟಿದರು. ಏನು ಹೇಳಿದರೂ ನ್ಯಾಪ್‌ಕಿನ್ ತೋರಿಸುತ್ತಿದ್ದರು.

ಆ ವಾರಾಂತ್ಯಕ್ಕೆ ಐಲಾ ಆಸ್ಟಿನ್‌ನಿಂದ ಡ್ರೈವ್ ಮಾಡಿಕೊಂಡು ನೇರ ನಮ್ಮ ಮನೆಗೇ ಬಂದಳು. ಅತ್ತು ಅತ್ತು ಕಣ್ಣು ಊದಿತ್ತು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದು ನನ್ನ ಕಿವಿಗೆ ಕನ್ನಡದಲ್ಲೇ ಕೇಳಿಸಿತು.

“ಅಂಕಲ್, ಬಟ್ಟಲು ಇಲ್ಲದೆ ಬೇಕಾದ್ರೆ ಮದುವೆ ಆಗ್ತೀನಿ. ಅಜ್ಜಿ ಇಲ್ಲದೆ ಹೇಗೆ ಆಗಲಿ?”

ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಂದು ಹುಡುಕಿದಾಗ ನಾನೊಬ್ಬನೇ ಕೈಗೆ ಸಿಕ್ಕಿದ್ದು. ಎದ್ದವನೇ ಕಾರು ತೆಗೆದೆ.

ಇರ್ವಿಂಗ್‌ನಲ್ಲಿ ಶಾಮಣ್ಣ ಜೋಯಿಸರು ಎಂಬ ನಮ್ಮವರೇ ಪುರೋಹಿತರಿದ್ದಾರೆ. ಹೈವೇ ಟ್ರಾಫಿಕ್ಕಿನಲ್ಲಿ ಬೆಂದು ಬಸವಳಿದು ಅವರ ಮನೆ ತಲುಪಿದೆ. ಅವರು ಕಥೆಯನ್ನು ಮೊದಲಿಂದ ಕಡೆಯವರೆಗೆ ಕೇಳಿ, ಉತ್ತರೀಯದಿಂದ ಕಣ್ಣೊರೆಸಿಕೊಂಡು ನಕ್ಕರು. ಸಾವರಿಸಿಕೊಂಡ ಮೇಲೆ ದಾರಿ ಹೇಳಿದರು. ಸಗೋತ್ರ ಅಡ್ಡ ಬಂದರೆ ಒಬ್ಬರನ್ನು ಬೇರೆ ಗೋತ್ರದವರಿಗೆ ದತ್ತು ಕೊಡುವುದುಂಟು. ಗೋತ್ರ ಬದಲಾಯಿತು, ಅಡ್ಡಿ ಹೋಯಿತು. ಈ ಊರಲ್ಲಿ ಅವನನ್ನು ದತ್ತು ತಗೊಳ್ಳುವವರು ಯಾರು ಎಂದು ಕೇಳಿದೆ.

“ನಿಮಗೂ ಗಂಡುಮಕ್ಕಳಿಲ್ಲವಲ್ಲ. ವಿಶ್ವಾಮಿತ್ರ ಗೋತ್ರ ಸುಮ್ನೆ ಖಾಲಿ ಬಿದ್ದಿದೆ” ಎಂದರು ಜೋಯಿಸರು.

ಅವರು ತಮಾಷೆಗೆ ಹೇಳಿದ್ದು ಎಂಬುದು ನನಗೆ ಈಗ ಹೊಳೆಯುತ್ತಿದೆ. ಆಗ ನಾನು ಮುಹೂರ್ತ ಕೇಳಿದೆ.

ಸುಮಾಳಿಗೆ ಹೇಳುವುದು ಹೇಗೆ ಎಂದು ದಾರಿಯುದ್ದಕ್ಕೂ ತಲೆಬಿಸಿ. ಆರಡಿ ನಾಲ್ಕಂಗುಲದ ಬಿಳಿ ಮಗನನ್ನು ಮನೆ ತುಂಬಿಸಿಕೊಳ್ಳೋಣ ಎಂದರೆ ಯಾವ ಹೆಂಡತಿ ತಾನೇ ಸುಮ್ಮನಿದ್ದಾಳು? ಮನೆಗೆ ಬಂದವನೇ ಷೂ ಬಿಚ್ಚುವ ಮೊದಲೇ ಶಾಸ್ತ್ರವಿಚಾರ ಆರಂಭಿಸಿದೆ. ಅವಳು ಹುರುಳೀಕಾಯಿ ಹೆಚ್ಚುತ್ತ ಎಲ್ಲವನ್ನೂ ಕೇಳಿಸಿಕೊಂಡು, ಆಗಲಿ ಬಿಡಿ, ಮಗನಿಗೆ ಯಾವ ಪಾಯಸ ಇಷ್ಟವೋ ಕೇಳಿ ಎಂದಳು. ಎಂಥ ಸಹಧರ್ಮಿಣಿ! ನನ್ನ ಕಣ್ಣು ತುಂಬಿ ಬಂತು.

ಟ್ರೆವರ್‌ಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಇಷ್ಟು ಮಾಡಿದರೆ ಐಲಾಳ ಅಜ್ಜಿ ಮದುವೆಗೆ ಬರುತ್ತಾರಾ ಎಂದಷ್ಟೇ ಕೇಳಿದ. ಬರುತ್ತಾರೆ ಎಂದೆ. ಹಾಗಾದರೆ ನಾನು ಬರುತ್ತೇನೆ ಎಂದ. ಅವನ ಹೆತ್ತ ಅಪ್ಪನ ಒಪ್ಪಿಗೆ ಕೇಳಬೇಕಲ್ಲ, ಅವರಿಗೂ ಫೋನ್ ಮಾಡಿದೆ. ಇಷ್ಟು ವರ್ಷ ನಾನು ನೋಡಿಕೊಂಡಿದ್ದೇನೆ, ಇನ್ನು ನೀವು ನೋಡಿಕೊಳ್ಳಿ ಎಂದು ಅವರು ಒಂದೇ ಮಾತಿಗೆ ಬಿಟ್ಟುಕೊಟ್ಟರು. ಅಷ್ಟು ಸಲೀಸಾಗಿ ಒಪ್ಪಿದ್ದು ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ದತ್ತು ಸ್ವೀಕಾರ ನಮ್ಮ ಹಿತ್ತಲಿನಲ್ಲಿ. ಹೋಮಕ್ಕೆ ಡಂಕನ್ ತನ್ನ ಬಾರ್ಬೆಕ್ಯೂ ಒಲೆಯನ್ನು ತಳ್ಳಿಕೊಂಡು ಬಂದ. ಅದರಲ್ಲಿ ಹಿಂದೆ ಏನೇನು ಬೆಂದಿತ್ತು ಎಂದು ಜೋಯಿಸರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಹೊಸ ಅಲ್ಯೂಮಿನಿಯಂ ಟ್ರೇ ಇಟ್ಟು ಅದರೊಳಗೆ ಅಗ್ನಿ ಪ್ರತಿಷ್ಠೆ ಆಯಿತು. ಟ್ರೆವರ್ ಪೂರ್ತಿ ಕಿಲ್ಟ್ ಉಟ್ಟು ಹಣೆಗೆ ಕುಂಕುಮ ಇಡಿಸಿಕೊಂಡು ನಿಂತಿದ್ದ. ಐಲಾ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. ಅಜ್ಜಿ ಕೊಡೆಯ ನೆರಳಿನಲ್ಲಿ ವೀ ಡ್ರಾಮ್ ಹಿಡಿದು ಮುಂದಿನ ಸಾಲಿನಲ್ಲಿ ಕೂತಿದ್ದರು.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ ಎಂದರು ಜೋಯಿಸರು.

ಮಗು ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದ್ದ ಮಗು. ನಾನು ಕೂತಿದ್ದದ್ದು ಮಡಚುವ ಕುರ್ಚಿ. ಪಾಪ, ಅವನು ಮರ್ಯಾದಸ್ಥ, ತೊಡೆಗೆ ತಾಗಿಯೂ ತಾಗದ ಹಾಗೆ ಮಂಡಿ ಬಗ್ಗಿಸಿ ನಿಂತ. ಪೂರ್ತಿ ಭಾರ ಬಿಟ್ಟು ಕೂತರೇ ಫಲ ಎಂದು ಜೋಯಿಸರು ಅಪ್ಪಣೆ ಕೊಡಿಸಿದರು. ಬಿಟ್ಟ. ಕುರ್ಚಿ ಒಂದು ಸಲ ಕಿರ್ ಎಂದಿತು. ಆಮೇಲೆ ಕುರ್ಚಿ ಇರಲಿಲ್ಲ! ನಾನು ಹುಲ್ಲಿನ ಮೇಲೆ, ಪುತ್ರರತ್ನ ನನ್ನ ಮೇಲೆ. ಕಿಲ್ಟ್ ಎಲ್ಲಿತ್ತು ಎಂಬುದು ನನಗೆ ಗೊತ್ತಿಲ್ಲ. ನಾನು ಭದ್ರವಾಗಿ ಕಣ್ಣು ಮುಚ್ಚಿಕೊಂಡಿದ್ದೆ. ಜೋಯಿಸರು ಮಾತ್ರ ಮಂತ್ರ ನಿಲ್ಲಿಸಲಿಲ್ಲ. 'ವಿಶ್ವಾಮಿತ್ರ ಗೋತ್ರೋದ್ಭವಸ್ಯ ಟ್ರೆವರ್ ಶರ್ಮಣಃ' ಎಂಬುದು ಎಲ್ಲೋ ದೂರದಿಂದ ಕೇಳಿಸಿತು.

ಟ್ರೆವರ್ ಎದ್ದವನೇ ನನ್ನನ್ನು ಎರಡೂ ತೋಳುಗಳಲ್ಲಿ ಎತ್ತಿಕೊಂಡು, “ಡ್ಯಾಡ್, ಆರ್ ಯು ಓಕೆ?” ಎಂದು ಕೇಳುತ್ತ ಒಳಗೆ ತಂದು ಸೋಫಾದ ಮೇಲೆ ಮಲಗಿಸಿದ. ಯಾರು ಯಾರನ್ನು ದತ್ತು ತೆಗೆದುಕೊಂಡರು ಎಂದು ನೋಡಿದವರಿಗೆ ಗೊಂದಲವಾಗಿರಬೇಕು. ಕಿಟಕಿಯಿಂದ ನೋಡಿದರೆ ಅಜ್ಜಿ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡು ಮೈ ಕುಲುಕಿಸುತ್ತಿದ್ದರು. ವೇದಮಂತ್ರದ ಪ್ರಭಾವ ಎಂದುಕೊಂಡೆ. ಸಂಜೆಯೇ ಬೀರುವಿನ ಬೀಗ ತೆಗೆದರಂತೆ. ಐಲಾ ಬಂದು ನನ್ನನ್ನು ಅಪ್ಪಿಕೊಂಡು ಅತ್ತಳು. ಸೊಂಟದ ನೋವಿಗೆ ನಾನೂ ಅತ್ತೆ.

ಮದುವೆ ಹ್ಯೂಸ್ಟನ್‌ನಲ್ಲಿ. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಕೊಂಡೇ ಹೋದೆ; ಡ್ರೈವ್ ಮಾಡಿದ್ದು ಸುಮಾ. ಅಲ್ಲಿ ತಲುಪಿದರೆ ಇನ್ನೊಂದು ಗ್ರಹಚಾರ. ವರನ ತಂದೆ ಎಂದ ಮೇಲೆ ಕಿಲ್ಟ್ ಉಡಲೇಬೇಕಂತೆ! ಸೊಂಟಕ್ಕೆ ನೋವಿನ ಬೆಲ್ಟು, ಅದರ ಮೇಲೆ ಉಣ್ಣೆ, ಉಣ್ಣೆ ಜಾರದ ಹಾಗೆ ಸುಮಾಳ ಸೀರೆಪಿನ್ನುಗಳು. ಹ್ಯೂಸ್ಟನ್‌ನ ಸೆಕೆ ಬೇರೆ. ಹೆತ್ತ ಅಪ್ಪ ಹಗುರವಾದ ಹತ್ತಿ ಷರ್ಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಆರಾಮವಾಗಿ ಕೂತು ನನಗೆ ಕೈ ಬೀಸಿದರು.

ಉಂಗುರ ಬದಲಾಯಿಸಿದ ಮೇಲೆ ಬಟ್ಟಲು ಬಂತು. ಹೆಣ್ಣಿನ ಕಡೆಯ ಹಿರಿಯರು ಕುಡಿದು, ಅದೇ ಬಟ್ಟಲನ್ನು ವರನ ತಂದೆಗೆ ಕೊಡುವುದು ಪದ್ಧತಿ. ಹುಟ್ಟಿದಾರಭ್ಯ ನಾನು ಹೆಂಡ ಮುಟ್ಟಿದವನಲ್ಲ. ಅದರ ಮೇಲೆ ಎಂಜಲು ಬೇರೆ. ತುಟಿಗೆ ತಾಗಿಸಿದ ಹಾಗೆ ಮಾಡಿ ಇಟ್ಟುಬಿಡೋಣ ಎಂದು ಲೆಕ್ಕ ಹಾಕಿದ್ದೆ. ಅಜ್ಜಿ ಒಂದು ಗುಟುಕು ಕುಡಿದು, ಬಟ್ಟಲನ್ನು ನನ್ನ ಕೈಗಿಟ್ಟು, ಕಿವಿಯ ಹತ್ತಿರ ಬಾಗಿದರು. ಅವರ ಮಾತನ್ನು ಕನ್ನಡಕ್ಕೆ ಇಳಿಸಿದರೆ ಹೀಗೆ:

“ಹಳೇ ಕಾಲದಲ್ಲಿ ದೊರೆಯ ಭೂಮೀಲಿ ಬದುಕಿದೋರೆಲ್ಲ ದೊರೆಯ ಹೆಸರೇ ಇಟ್ಕೊಳ್ತಿದ್ರು ಕಣಪ್ಪ. ರಕ್ತವೂ ಇಲ್ಲ, ಸಂಬಂಧವೂ ಇಲ್ಲ. ನನ್ನ ಗಂಡನೂ ಮ್ಯಾಕ್‌ನೀಲ್, ನನ್ನ ತವರೂ ಮ್ಯಾಕ್‌ನೀಲ್.”

ಮತ್ತೆ ಇಷ್ಟೆಲ್ಲ ಯಾಕೆ ಎಂದು ನಾನು ತೊದಲಿದೆ.

“ಆ ಹುಡುಗ ನನ್ನ ಗಂಡನ ವಿಸ್ಕಿಗೆ ಕೋಲಾ ಸುರಿದ. ಎಂಥವನು ಅಂತ ನೋಡೋಕೆ ಸ್ವಲ್ಪ ದಿನ ಬೇಕಿತ್ತು, ನೆಪ ಸಿಕ್ಕಿರಲಿಲ್ಲ. ಅಷ್ಟರಲ್ಲಿ ನೀನು ಮಾತು ಶುರು ಮಾಡಿದೆ. ಹುಡುಗಿಗೋಸ್ಕರ ನಿನ್ನ ತೊಡೆ ಮೇಲೆ ಕೂತ್ಕೊಳ್ಳೋನು ಜೀವನದಲ್ಲಿ ಇನ್ನು ಏನನ್ನ ಬೇಕಾದ್ರೂ ತಡ್ಕೊಳ್ತಾನೆ.”

ಆ ಗಾಬರಿಯಲ್ಲಿ ನಾನು ಬಟ್ಟಲನ್ನು ಎತ್ತಿ ಗಟಗಟನೆ ಖಾಲಿ ಮಾಡಿಬಿಟ್ಟೆ. ಸಭೆ ಚಪ್ಪಾಳೆ ತಟ್ಟಿತು. ನನ್ನ ಗಂಟಲಿನಿಂದ ನಾಭಿಯವರೆಗೆ ಯಾರೋ ಕೊಳ್ಳಿ ಇಳಿಸಿದಂತಾಯಿತು.

ತಡವರಿಸಿಕೊಂಡು ಬಂದು ಸುಮಾಳ ಪಕ್ಕದಲ್ಲಿ ಕೂತು, ಅಳಿದುಳಿದ ಸ್ವರದಲ್ಲಿ ಅಜ್ಜಿ ಹೇಳಿದ್ದನ್ನು ಪಿಸುಗುಟ್ಟಿದೆ. ಅವಳ ಮುಖದಲ್ಲಿ ಆಶ್ಚರ್ಯದ ಲವಲೇಶವೂ ಇರಲಿಲ್ಲ. ನೀವು ಇರ್ವಿಂಗ್‌ಗೆ ಹೋಗಿದ್ದ ದಿನ ಸಂಜೆ ವಾಕ್‌ನಲ್ಲೇ ಹೇಳಿದ್ದರು ಎಂದಳು. ನನಗ್ಯಾಕೆ ಹೇಳಲಿಲ್ಲ ಎಂದು ಕೈಸನ್ನೆಯಲ್ಲಿ ಕೇಳಿದೆ.

“ಹೇಳ್ಬೇಕು ಅಂತ್ಲೇ ಕಾಯ್ತಾ ಕೂತಿದ್ದೆ ಕಣ್ರೀ. ನೀವು ಬಂದೋರೇ ದತ್ತಕದ ಬಗ್ಗೆ ಶುರು ಮಾಡಿದ್ರಿ. ಒಂದು ಕೆಜಿ ಹುರುಳೀಕಾಯಿ ಹೆಚ್ಚಿ ಮುಗಿದ್ರೂ ನಿಮ್ಮ ಮಾತು ಮುಗೀಲಿಲ್ಲ.”

ತಕ್ಕ ಉತ್ತರ ಕೊಡಲು ಬಾಯಿ ತೆರೆದೆ. ವಿಸ್ಕಿ ಗಂಟಲನ್ನು ಪೂರ್ತಿ ಆಪೋಶನ ತೆಗೆದುಕೊಂಡಿತ್ತು; ಬರೀ ಗಾಳಿ ಹೊರಟಿತು, ಕಣ್ಣಿನಿಂದ ನೀರು ಸುರಿಯಿತು. ಪಕ್ಕದ ಮೇಜಿನ ಹೆಂಗಸೊಬ್ಬಳು ನನ್ನನ್ನು ಕರುಣೆಯಿಂದ ನೋಡಿ, ನಿಮ್ಮ ಯಜಮಾನರು ಯಾವಾಗಲೂ ಇಷ್ಟು ಕಡಿಮೆ ಮಾತಾಡುತ್ತಾರಾ ಎಂದು ಸುಮಾಳನ್ನು ಕೇಳಿದಳು.

ಇಲ್ಲ, ಇವತ್ತು ಮಗನ ಮದುವೆ ಅಲ್ವಾ ಎಂದು ಸುಮಾ ನನ್ನ ಬೆನ್ನು ಸವರಿದಳು.