ಕಾಕಾನ ಪರೀಕ್ಷೆಯಲ್ಲಿ ನಪಾಸಾದ ವರ

ಅಪ್ಪನ ತಮ್ಮ, ನಮ್ಮ ಕಾಕಾನಷ್ಟು ಬುದ್ಧಿವಂತರು ಇಡೀ ಬೈಲಹೊಂಗಲದಲ್ಲಿ ಮತ್ತೊಬ್ಬರಿಲ್ಲ. ಇದು ನನ್ನ ಮಾತಲ್ಲ, ಅವರದೇ ಮಾತು! ಹಾಗಂತ ಸುಳ್ಳೂ ಅಲ್ಲ. ಕೆಟ್ಟ ಪಂಪ್‌ಸೆಟ್ಟಿನ ಸದ್ದನ್ನು ರಸ್ತೆಯಲ್ಲೇ ನಿಂತು ಕೇಳಿ ಅದರ ರೋಗ ಹೇಳಬಲ್ಲರು. ಚದುರಂಗಕ್ಕೆ ಕೂತರೆ ಎದುರಿನವನು ಕಾಯಿ ಮುಟ್ಟುವ ಮೊದಲೇ ‘ಸೋತಿ, ಏಳಪಾ’ ಎನ್ನುತ್ತಾರೆ. ಎದುರಿನವನಿಗೂ ಒಂದು ಮನಸ್ಸಿರುತ್ತದೆ ಎಂಬ ಸಣ್ಣ ಸಂಗತಿಯೊಂದು ಮಾತ್ರ ಅವರ ಗಮನಕ್ಕೆ ಬಂದಿರಲಿಲ್ಲ.

ರಾಮದುರ್ಗದಲ್ಲಿ ನೆಂಟರೊಬ್ಬರು ತೀರಿಕೊಂಡಾಗ ಮಾತಾಡಿಸಿ ಬರಲು ಹೋಗಿದ್ದೆವು. ತೀರಿಕೊಂಡವರ ಹೆಂಡತಿ, ವಯಸ್ಸಾದ ಅಜ್ಜಿ, ‘ನನ್ನ ಬಿಟ್ಟ ಹೋದ್ರಲ್ಲೋ ಯಪ್ಪಾ’ ಎಂದು ಅಳುತ್ತಿದ್ದಳು. ಕಾಕಾ ಗಂಟಲು ಸರಿಮಾಡಿಕೊಂಡು, “ಬೀಡಿ ಬಿಡಸ್ರಿ ಅಂತ ನಾ ಹಿಂದನ ಹೇಳಿದ್ನಿ. ನೀವು ಕೇಳಲಿಲ್ಲ” ಎಂದರು. ಅಜ್ಜಿಯ ಅಳು ಗಕ್ಕನೆ ನಿಂತಿತು. ಬಸ್ಸಿನಲ್ಲಿ ಬರುವಾಗ ಕಾಕಾನಿಗೆ ಎಲ್ಲಿಲ್ಲದ ಸಮಾಧಾನ: “ನೋಡಿದ್ರ್ಯಾ? ಒಂದ ಮಾತಿಗೆ ಅಳೂದು ನಿಲ್ಲಿಸಿದ್ನಿ!”

ಅವರ ಹೆಂಡತಿ, ನಮ್ಮ ಕಾಕು, ಜ್ವರ ಬಂದು ಮಲಗಿದಾಗಲೂ ಅಷ್ಟೆ. ತಾಸಿಗೊಮ್ಮೆ ಥರ್ಮಾಮೀಟರ್ ಹಚ್ಚಿ, ಕ್ಯಾಲೆಂಡರಿನ ಹಿಂಬದಿಗೆ ಜ್ವರದ ನಕ್ಷೆ ಬರೆದರು. ಎಂಥ ಸುಂದರ ನಕ್ಷೆ! ಡಾಕ್ಟರೇ ಮೆಚ್ಚಿದರು. ಮಧ್ಯಾಹ್ನ ಒಂದು ಗಂಟೆಯಾಯಿತು. ನಕ್ಷೆಯಿಂದ ತಲೆ ಎತ್ತಿ ಕಾಕಾ ಮಲಗಿದ್ದವಳನ್ನೇ ಕೇಳಿದರು: “ಅಡಿಗಿ ಆತೇನ?”

ಇಂಥವರು ನನ್ನ ಮದುವೆ ಮಾತುಕತೆಗೆ ಹಿರಿಯರು! ಅಪ್ಪ ಇಲ್ಲದ ಮನೆ. ಕನ್ಯಾ ನೋಡಲು ಬಂದವರೆದುರು ಕೂಡ್ರಬೇಕಾದವರು ಕಾಕಾ, ಹೂಂ ಅನ್ನಬೇಕಾದವರೂ ಅವರೇ. ಅವರು ಹೂಂ ಅನ್ನದೆ ಅವ್ವ ಒಂದು ಹೆಜ್ಜೆ ಮುಂದಿಡುವವಳಲ್ಲ. ಬೇರೆ ಮನೆಗಳಲ್ಲಿ ಹುಡುಗಿಗೆ ಪ್ರಶ್ನೆ ಕೇಳುತ್ತಾರೆ. ನಮ್ಮ ಮನೆಯಲ್ಲಿ ಹುಡುಗನಿಗೆ ಪರೀಕ್ಷೆ!

ಮೊದಲು ಬಂದವರು ಕಿತ್ತೂರಿನ ಲೆಕ್ಚರರು. ಇಲ್ಲಿಂದೊಂದು, ರಾಮದುರ್ಗದಿಂದೊಂದು ಬಸ್ಸು ಹೊರಟರೆ ಎಲ್ಲಿ ಎದುರಾಗುತ್ತವೆ ಎಂದು ಕಾಕಾ ಕೇಳಿದರು. ಲೆಕ್ಚರರು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಉತ್ತರ ಹೇಳಿ, “ಯರಗಟ್ಟಿಯೊಳಗ ಚಾಕ್ಕ ನಿಂತರ ಲೆಕ್ಕಾ ಬ್ಯಾರೆ ಆಗ್ತೈತ್ರಿ” ಎಂದೂ ಸೇರಿಸಿದರು. ಕಾಕಾ ಕರಗಿ ನೀರಾದರು! ಅಷ್ಟರಲ್ಲಿ ತಾಟು ಹಿಡಿದು ಬಂದ ನನ್ನ ಕೈಮೇಲೆ ಬಿಸಿ ಚಹಾ ಚೆಲ್ಲಿತು. “ಅವ್ವಾ!” ಎಂದೆ. “ತಡಿಯವಾ, ಲೆಕ್ಕಾ ಮುಗೀಲಿ” ಎಂದರು ಕಾಕಾ. ಲೆಕ್ಚರರೂ ಹೌದೆಂದು ತಲೆಯಾಡಿಸಿದರು.

ವಾರದ ಮೇಲೆ ಯರಗಟ್ಟಿಯಿಂದ ಬಂದವರದು ದನದ ಹಿಂಡಿ, ಬೂಸಾ ಮಾರುವ ಅಂಗಡಿ.

“ನಾಕ ಕಲ್ಲಿನಾಗ ಒಂದರಿಂದ ನಲವತ್ತ ಕಿಲೋತನಾ ಯಾವ ತೂಕಾನೂ ತೂಗಬೇಕು. ಎಷ್ಟೆಷ್ಟರ ಕಲ್ಲು?” ಎಂದರು ಕಾಕಾ.

ಅವರು ಪ್ರಾಮಾಣಿಕವಾಗಿ ಯೋಚಿಸಿ, ನಕ್ಕುಬಿಟ್ಟರು. “ಗೊತ್ತಾಗವಲ್ದ್ರಿ ಕಾಕಾರ. ನಮ್ಮದು ಕರೆಂಟಿನ ತ್ರಾಸು ಐತ್ರಿ, ಕಲ್ಲು ಇಟ್ಟು ತೂಗೂದ ಇಲ್ಲ.” ಆಮೇಲೆ ನನ್ನತ್ತ ತಿರುಗಿ, ಕೈಮೇಲಿನ ಸುಟ್ಟ ಕಲೆ ನೋಡಿ, “ಆವಾಗಿಂದ ನಿಂತೀರಿ, ಕುಂದರ್ರಿ. ಕೈಗೆ ಏನಾಗೇತ್ರಿ?” ಎಂದರು.

ನಾನು ಕುಳಿತೆ. ಕುಳಿತ ಕ್ಷಣಕ್ಕೇ ಮನಸ್ಸು ಗಟ್ಟಿಯಾಗಿತ್ತು.

ಅವರು ಹೊಸ್ತಿಲು ದಾಟಿದ್ದೇ ತಡ, ಕಾಕಾ ಫಲಿತಾಂಶ ಪ್ರಕಟಿಸಿದರು: “ನಪಾಸು! ಕಿತ್ತೂರಿನವ್ರನ್ನ ಮಾಡೂಣು.”

“ಕಾಕಾ, ನನಗ ಇವರ ಬೇಕು,” ಎಂದೆ.

“ಕಾರಣಾ?”

“ನನ್ನ ಕೈ ನೋಡಿ ಕೇಳಿದ್ರು.”

“ಅದೂ ಒಂದ ಕಾರಣಾ ಏನು?” ಕಾಕಾ ನಿಜವಾಗಿಯೂ ಗೊಂದಲಕ್ಕೆ ಬಿದ್ದಿದ್ದರು. “ನಾಳೆ ಕಿತ್ತೂರಿಗೆ ಹೋಗಿ ಮನಿ ನೋಡಿ ಮಾತು ಮುಗಿಸೇ ಬರತೇನಿ.”

ಮುಗಿಯಿತು ಎಂದುಕೊಂಡೆ.

ಮರುದಿನ ಮಧ್ಯಾಹ್ನ ಮೂರರ ಹೊತ್ತಿಗೆ ಬಂದ ಕಾಕಾ ಪಡಸಾಲೆಯಲ್ಲಿ ಚಪ್ಪಲಿ ಸಮೇತ ಕುಳಿತುಬಿಟ್ಟರು.

“ವೈನಿ, ಕಿತ್ತೂರಿನವ್ರು ಬ್ಯಾಡ್ರಿ.”

ಅವ್ವ ಗಾಬರಿಯಾದಳು. “ಯಾಕ್ರಿ? ನಿಮ್ಮಂಗನ ಶಾಣ್ಯಾರ ಅದಾರ ಅಂದ್ರಿ?”

“ಥೇಟ್ ನನ್ನಂಗನ ಅದಾನ. ಅದಕ್ಕ ಬ್ಯಾಡ.” ಕಾಕಾ ಮೊದಲ ಸಲ ಮಾತಿಗೆ ತಡಕಾಡಿದರು. “ಮೂರ ತಾಸು ಕುಂತ ಲೆಕ್ಕಾ ಬಿಡಿಸಿದ್ವಿ. ಭಾಳ ಮಜಾ ಬಂತು. ಏಳೂ ಮುಂದ ನೋಡ್ತೇನಿ, ಅವರವ್ವ ಚಾ ಹಿಡ್ಕೊಂಡು ಬಾಗಲದಾಗ ನಿಂತಾಳ. ಚಾ ಆರಿ ಕೆನಿಗಟ್ಟಿತ್ತು. ಯಾವಾಗ ಬಂದ ನಿಂತಿದ್ಲೋ! ಅಂವನೂ ನೋಡಿಲ್ಲ, ನಾನೂ ನೋಡಿಲ್ಲ. ಆಕಿ ಮಾರಿ ನೋಡಿದ್ರ ಎಲ್ಲೋ ಕಂಡಂಗ ಆತು. ಬಸ್ಸಿನಾಗ ಕುಂತ ಮ್ಯಾಲ ನೆಪ್ಪಾತು, ನಮ್ಮನ್ಯಾಕಿ ಮಾರಿ.”

ಅಡುಗೆಮನೆಯ ಬಾಗಿಲಲ್ಲಿ ಕಾಕು ನಿಂತಿದ್ದಳು, ಕೈಯಲ್ಲಿ ಜೋಳದ ಹಿಟ್ಟು ಮೆತ್ತಿಕೊಂಡಿತ್ತು.

“ಯರಗಟ್ಟಿಯವರಿಗೆ ಫೋನ್ ಹಚ್ಚರಿ ವೈನಿ,” ಎಂದರು ಕಾಕಾ. ಆಮೇಲೆ ಕಾಕುವಿನ ಕಡೆ ತಿರುಗಿದರು. ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು.

“ನಿಂದ... ನಿಂದ ಊಟಾ ಆತೇನ?”

ಮದುವೆಯಾಗಿ ಮೂವತ್ತು ವರ್ಷಕ್ಕೆ ಬಂದ ಪ್ರಶ್ನೆ! ಕಾಕು ಸೆರಗಿನಿಂದ ಮುಖ ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಹಿಟ್ಟು ಮಾಡಿಕೊಂಡಳು. “ಇಲ್ರಿ,” ಎಂದಳು.

ಊರಿಗೆಲ್ಲ ಉತ್ತರ ಹೇಳುವ ಕಾಕಾ, ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹುಡುಗನಂತೆ ನನ್ನ ಮುಖ ನೋಡಿದರು. ನಾನು ಬಗ್ಗಿ ಅವರ ಕಿವಿಯಲ್ಲಿ ಮುಂದಿನ ವಾಕ್ಯ ಹೇಳಿಕೊಟ್ಟೆ.

ಕಾಕಾ ಒಂದಕ್ಷರ ತಪ್ಪದೆ ಒಪ್ಪಿಸಿದರು: “ಬಾ, ಕೂಡೇ ಉಣ್ಣೂಣು.”