ಮಾವನ ಹಿತ್ತಲಿನ ಜೇಕು

ಶಹಾಪುರ ಸೀಮೆಯಲ್ಲಿ ಭತ್ತ ಬೆಳೆಯುವವರೆಲ್ಲ ಒಂದು ಕಡೆ, ನನ್ನ ಸೋದರಮಾವ ಒಂದು ಕಡೆ! ಅವರೆಲ್ಲ ಶಪಿಸುತ್ತ ಗದ್ದೆಯಿಂದ ಕಿತ್ತೆಸೆಯುವ ಜೇಕು ಎಂಬ ಕಳೆಯನ್ನು ಇವರು ಹಿತ್ತಲಲ್ಲಿ ನೆಟ್ಟು ಸಾಕುತ್ತಾರೆ. ಇದು ಆರೋಪವಲ್ಲ, ಎರಡೂ ಕಡೆಯವರನ್ನು ವಿಚಾರಿಸಿಯೇ ಬರೆಯುತ್ತಿದ್ದೇನೆ.

ಕಾಲುವೆ ನೀರು ಬಂದ ಮೇಲೆ ಮಾವನ ಹಿತ್ತಲಿನ ತಗ್ಗು ಬೇಸಿಗೆಯಲ್ಲೂ ಒಣಗುವುದಿಲ್ಲ. ಓಣಿಯವರು ಅಂಥ ತಗ್ಗಿಗೆ ಮರಂ ಮಣ್ಣು ಸುರಿದು ಫರಶಿಕಲ್ಲು ಹಾಸಿದರು. ಮಾವ ಹಳ್ಳದ ದಂಡೆ ಸುತ್ತಿ ಜೇಕು ತಂದರು: ಗಿಡ್ಡದ್ದು, ಎದೆಯುದ್ದದ್ದು, ತಲೆಯ ಮೇಲೆ ಕೊಡೆ ಬಿಚ್ಚಿದಂಥದ್ದು.

"ಗುಲಾಬಿ ಹಚ್ಚಬಾರದೇನ್ರಿ ಮಾವ?" ಎಂದೆ.

"ಗುಲಾಬಿ ಕೆಸರಾಗ ನಿಂದರ್ತದೇನೋ? ಇದಕ್ಕ ಕೆಸರ ಅಂದ್ರ ತವರುಮನಿ!"

ಮನೆಗೆ ಬಂದವರಿಗೆ ಚಹಾಕ್ಕಿಂತ ಮೊದಲು ಪರೀಕ್ಷೆ. ಒಂದು ದಂಟನ್ನು ಬೆರಳುಗಳ ನಡುವೆ ಹೊರಳಿಸಿ ಅದರ ಮೂಲೆ ಎಣಿಸಬೇಕು.

"ಎಷ್ಟ ಮೂಲಿ ಅದಾವ?"

"ಮೂರ್ರೀ."

"ಹುಲ್ಲಿಗಿ ಎಲ್ಲರೆ ಮೂಲಿ ಇರ್ತಾವೇನು? ಇದು ಹುಲ್ಲಲ್ಲ!"

ಒಳಗಿನಿಂದ ಅತ್ತೆ: "ಚಾ ಆರಾಕತ್ತದ, ಮೊದಲ ಮಂದೀನ ಒಳಗ ಕರೀರಿ!"

ಮಾವ ಮಗಳನ್ನು ವನದುರ್ಗಕ್ಕೆ ಕೊಟ್ಟ ಹೊಸತು. ಬೀಗರು ಮೊದಲ ಸಲ ಬಂದಾಗ ಮಾವ, ನಾನು ಪೇಟೆಗೆ ಹೋಗಿದ್ದೆವು. ಭತ್ತದ ರೈತನ ಕೈ ಸುಮ್ಮನೆ ಕೂಡುತ್ತದೆಯೆ? ಪಾಪ, ಹಿತ್ತಲು ಕಳೆ ತುಂಬಿ ಹಾಳಾಗಿದೆಯಲ್ಲ ಎಂದು ಮರುಗಿ, ಧೋತರ ಎತ್ತಿಕಟ್ಟಿ, ಗಡ್ಡೆ ಸಮೇತ ಅಷ್ಟನ್ನೂ ಕಿತ್ತು ಬಿಸಿಲಿಗೆ ರಾಶಿ ಹಾಕಿಬಿಟ್ಟರು! ಹೋಳಿಗೆ ಬೇಯಿಸುತ್ತಿದ್ದ ಅತ್ತೆ ಹೊರಗೆ ಇಣುಕುವ ಹೊತ್ತಿಗೆ ಒಂದು ಎಳೆಯೂ ನೆಲದಲ್ಲಿರಲಿಲ್ಲ.

ನಾವು ಬಂದೆವು. ಮಾವನದು, ಕಂಡವರ ಮದುವೆಯಲ್ಲಿ "ಸಾರು ಸಪ್ಪಗದ" ಎಂದು ಕೂಗಿ ಹೇಳಿದ ಬಾಯಿ. ಅತ್ತೆ ಬಾಗಿಲಲ್ಲೇ ಅವರ ತೋಳು ಹಿಡಿದು ಪಿಸುಗುಟ್ಟಿದರು: "ಮಗಳು ಅವರ ಮನ್ಯಾಗ ಬಾಳಬೇಕ್ರಿ."

"ಕಳಿ ಭಾಳ ಬೆಳದಿತ್ತು ಬೀಗರ, ತಗದೀನಿ" ಎಂದರು ಬೀಗರು, ಬೆವರೊರೆಸಿಕೊಳ್ಳುತ್ತ.

ಮಾವ ರಾಶಿಯನ್ನು ನೋಡಿದರು. "ಭಾಳ ಉಪಕಾರ ಆತ್ರಿ. ಕೈ ತೊಳ್ಕೋರಿ, ಊಟಕ್ಕ ಏಳ್ರಿ."

ಅಂದು ಮಾವ ಒಂದೇ ಹೋಳಿಗೆ ತಿಂದರು. ನಮ್ಮ ಮನೆತನದಲ್ಲಿ ಅದಕ್ಕೆ ಉಪವಾಸ ಎನ್ನುತ್ತಾರೆ.

ಸುದ್ದಿ ವನದುರ್ಗದ ಮಗಳಿಗೆ ಹೇಗೆ ಮುಟ್ಟಿತೋ! ಅತ್ತೆಯ ಫೋನಿನ ಮೇಲೆ ನನಗೆ ಅನುಮಾನ. ಮುಂದಿನ ವಾರ ಬೀಗರು ಬಸ್ಸಿಳಿದರು, ಹೆಗಲ ಮೇಲೆ ನೀರು ಸೋರುವ ಗೋಣಿಚೀಲ. ಬಸ್ಸಿನ ತುಂಬ ರೈತರು ನಕ್ಕರಂತೆ: "ಜೇಕು ಯಾರಿಗಿ ಒಯ್ಯಾಕತ್ತೀದಿ ಮಾರಾಯಾ?" ಬೇರಿನ ಮಣ್ಣು ಉದುರದಂತೆ, ಒಂದು ದಂಟೂ ಮುರಿಯದಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು.

"ತಪ್ಪಾತ್ರಿ ಬೀಗರ" ಎಂದರು. "ಹುಟ್ಟಿದಾಗಿಂದ ಇದನ್ನ ಕೀಳೂದ ಕಲ್ತೀನಿ. ಹಚ್ಚೂದು ಹ್ಯಾಂಗ ಅಂತ ನೀವ ತೋರಸ್ರಿ."

ಮಾವ ಚಪ್ಪಲಿ ಬಿಟ್ಟು ಕೆಸರಿಗಿಳಿದು, ಬೀಗರಿಗೆ ಕೈ ನೀಡಿದರು.